ದೀರ್ಘ ಹಾಕದವನ ಕೈಬರಹ

ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಕಡಕ್ ಸಜ್ಜೆ ರೊಟ್ಟಿ ಮತ್ತು ಶೇಂಗಾ ಹಿಂಡಿ. ಇನ್ನೊಂದರಲ್ಲಿ ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ. ರೊಟ್ಟಿಯ ಗಂಟನ್ನು ನನಗೆ ಹೊರಿಸಿ, ಕಾಗದದ ಗಂಟನ್ನು ಮನೆ ಮುಟ್ಟುವ ತನಕ ಎದೆಗೆ ಅವಚಿಕೊಂಡೇ ನಡೆದಳು. ತೊಂಬತ್ತರ ದಶಕದ ಮಾತು. ನಾನಾಗ ಧಾರವಾಡದಲ್ಲಿ ಎಂ.ಎ. ಮುಗಿಸಿ ಸಿಂದಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದ ಹೊಸತು. ಹಳಗನ್ನಡ ಗೊತ್ತು, ಛಂದಸ್ಸು ಗೊತ್ತು, ಶಾಸನಗಳೂ ಒಂದಿಷ್ಟು ಗೊತ್ತು ಎಂದು ಮೂಗು ಸ್ವಲ್ಪ ಮೇಲಕ್ಕೇ ಎತ್ತಿ ತಿರುಗುತ್ತಿದ್ದೆ.

“ನಮ್ಮ ಮಂದ್ಯಾಗ ಕಲತಾಕಿ ನೀ ಒಬ್ಬಾಕಿ. ಇದರಾಗ ಏನ್ ಬರದೈತಿ ಓದು,” ಅಂದಳು ಅತ್ತೆ. ನೀರು ಕುಡಿಯುವುದಕ್ಕೂ ಪುರಸತ್ತು ಕೊಡಲಿಲ್ಲ.

ಬಿಚ್ಚಿ ನೋಡಿದೆ. ದಪ್ಪನೆಯ ಕಂದು ಕಾಗದ, ನಡುವೆ ಮಡಿಕೆ, ಮಡಿಕೆಯ ಮೇಲೆ ಅಂಗೈಯಗಲ ಎಣ್ಣೆಯ ಕಲೆ. ಬರಹ ಕನ್ನಡವೇ. ಆದರೆ ಒಂದಕ್ಷರ ನನಗೆ ತಿಳಿದಿದ್ದರೆ ಕೇಳಿ. ಬರೆದವನು ಸಾಲಿನ ಈ ತುದಿಯಲ್ಲಿ ಊರಿದ ಲೆಕ್ಕಣಿಕೆಯನ್ನು ಆ ತುದಿಯಲ್ಲಿಯೇ ಎತ್ತಿದ್ದ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ತಲೆಕಟ್ಟಿಲ್ಲ, ಒತ್ತಿಲ್ಲ. ಬಿಚ್ಚಿಬಿದ್ದ ನೂಲಿನ ಉಂಡೆಯ ಹಾಗೆ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡಿತ್ತು. ತಿರುಗಿಸಿದೆ, ಮುರುಗಿಸಿದೆ, ಕನ್ನಡಕ ಒರೆಸಿದೆ, ಕೊನೆಗೆ ಇದು ಓದಲಿಕ್ಕೆ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಅಷ್ಟು ವರ್ಷ ಧಾರವಾಡದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಪೇಢೆ ತಿನ್ನುತ್ತಿದ್ದೆ ಎಂದೆ. ಅವಳು ನಗಲಿಲ್ಲ.

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಯಾಕೆಂದರೆ ಅವಳಿಗೆ ಆ ಕಾಗದದಿಂದ ಆಗಬೇಕಾದ ಕೆಲಸವೊಂದಿತ್ತು. ಅತ್ತೆಯ ಊರು ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಕಡೆಗೆ. ಅಲ್ಲಿ ಕಾರಹುಣ್ಣಿಮೆಯ ಸಂಜೆ ಊರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಎನ್ನುತ್ತಾರೆ. ಕೋಡಿಗೆ ಬಣ್ಣ ಬಳಿಸಿಕೊಂಡ ಎತ್ತು ಹೋರಿಗಳು ಓಡಿಬಂದು ಆ ಕರಿ ಹರಿಯಬೇಕು. ಬಿಳಿಯದು ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ ಎಂದು ಲೆಕ್ಕ. ಯಾರ ಮನೆಯದು ಮುಂದೆ ನಿಲ್ಲಬೇಕು ಎಂಬುದು ಊರಿನ ಮಾನದ ಪ್ರಶ್ನೆ. ಮಾವ ಇರುವ ತನಕ ಅತ್ತೆಯ ಮನೆಯದೇ ಮುಂದೆ ನಿಲ್ಲುತ್ತಿತ್ತು. ಮಾವ ತೀರಿಕೊಂಡ ಮೇಲೆ ಹಿರಿಯರು, ಹಗ್ಗ ಹಿಡಿಯಲು ಗಂಡಸಿಲ್ಲದ ಮನೆಗೆ ಮುಂದಿನ ಜಾಗ ಯಾಕೆ ಎಂದು ಅವಳನ್ನು ಸಾಲಿನ ಬಾಲಕ್ಕೆ ತಳ್ಳಿದ್ದರು.

ಅತ್ತೆಯ ಹತ್ತಿರ ಒಂದು ಬಿಳಿ ಹೋರಿ ಇತ್ತು. ತಾಯಿ ಸತ್ತ ಕರುವನ್ನು ಅವಳೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಆ ಹೋರಿ ಮಗನಂತೆ ಬೆಳೆದು ಮಗನಂತೆಯೇ ಕೆಟ್ಟಿತ್ತು. ಹಸಿರು ಕಂಡರೆ ಅದಕ್ಕೆ ಮೈಮೇಲೆ ಖಬರು ಇರುತ್ತಿರಲಿಲ್ಲ. ತಲೆಯ ಮೇಲೆ ಮೇವು ಹೊತ್ತು ಯಾರೇ ಹೋಗಲಿ, ಗೂಟ ಕಿತ್ತು ಬೆನ್ನು ಹತ್ತುತ್ತಿತ್ತು. ನನ್ನ ಒಂದು ಹಸಿರು ಸೀರೆಯ ಸೆರಗನ್ನು ಅರ್ಧ ತಿಂದು ಮುಗಿಸಿದ ಕೀರ್ತಿಯೂ ಅದಕ್ಕಿದೆ. ಈ ಸಲದ ಕಾರಹುಣ್ಣಿಮೆಗೆ ಅದು ಕರಿ ಹರಿಯಬೇಕು, ಅತ್ತೆಗೆ ಬೇಕಾದದ್ದು ಇಷ್ಟೇ. ಊರ ಗೌಡರು, ನಿಮಗೆ ಮಾನ ಇದೆ ಎಂದು ಬರಹದಲ್ಲಿದ್ದರೆ ತೋರಿಸು, ಊರೇ ತಲೆಬಾಗುತ್ತದೆ ಎಂದಿದ್ದರಂತೆ. ಹಿಂದೊಮ್ಮೆ ಇದೇ ಜಗಳವಾದಾಗ ಪಂಚರು ಕೂತು ಬರೆಸಿದ ಠರಾವು ಮನೆಯಲ್ಲಿದೆ ಎಂದು ಮಾವ ಹೇಳಿದ್ದು ನೆನಪಾಗಿ ಅತ್ತೆ ಅದನ್ನು ಹುಡುಕಿ ತೆಗೆದಿದ್ದಳು.

ಅದಕ್ಕೇ ನಾನು ಮೋಡಿ ಕಲಿಯಲು ಹೊರಟೆ. ಆ ಓಟದ ಬರವಣಿಗೆಗೆ ನಮ್ಮ ಕಡೆ ಮೋಡಿ ಎಂದೇ ಹೆಸರು. ಹೆಸರಿಟ್ಟವನು ಬಹಳ ತಿಳಿದವನಿರಬೇಕು, ಏಕೆಂದರೆ ಅದು ನನಗೆ ಹಾಕಿದ್ದೂ ಮೋಡಿಯೇ.

ಸಿಂದಗಿಯ ಹಳೇ ಪೇಟೆಯ ಹಿಂದೆ ಒಬ್ಬ ಸಾಹೇಬರಿದ್ದರು. ಇಂಡಿ ತಾಲ್ಲೂಕು ಕಚೇರಿಯಲ್ಲಿ ಹಳೆಯ ಖರೀದಿಪತ್ರಗಳ ನಕಲು ಬರೆಯುತ್ತ ನಿವೃತ್ತರಾದವರು. ಅವರಿಗೆ ಎಲ್ಲಾ ಗೊತ್ತಿತ್ತು, ಮತ್ತು ಎಲ್ಲಾ ಗೊತ್ತಿದೆ ಎಂಬುದೂ ಚೆನ್ನಾಗಿ ಗೊತ್ತಿತ್ತು. ಯಾವ ಕಾಗದ ಮುಂದಿಟ್ಟರೂ ಮೊದಲು ಮೀಸೆ ನೇವರಿಸಿಕೊಂಡು, ಇದು ಹಲಸಂಗಿ ಕಡೆಯ ಕೈ, ಬಾಲ ಉದ್ದ ನೋಡಿ ಎನ್ನುವರು. ಇನ್ನೊಂದಕ್ಕೆ, ಇವನು ಹಿಪ್ಪರಗಿ ಕಡೆಯವನು, ಮಸಿ ಉಳಿಸಿದ್ದಾನೆ ಎನ್ನುವರು. ನಿಜವೋ ಸುಳ್ಳೋ ಪರೀಕ್ಷಿಸುವ ಯೋಗ್ಯತೆ ನನಗಿರಲಿಲ್ಲ, ಹಾಗಾಗಿ ಬಾಯಿ ತೆರೆದು ಕೇಳುತ್ತಿದ್ದೆ. ಅವರಿಗೂ ಬೇಕಾಗಿದ್ದು ಅದೇ.

“ಅಕ್ಕೋರ, ಕಣ್ಣಲೆ ಓದಬ್ಯಾಡ್ರಿ. ಕೈಲೆ ಓದ್ರಿ,” ಎಂಬುದು ಅವರ ಮೊದಲ ಪಾಠ. ಕಾಗದದ ಮೇಲೆ ಗಾಜು ಇಟ್ಟು, ಗಾಜಿನ ಮೇಲೆ ಒಣ ಲೆಕ್ಕಣಿಕೆಯಿಂದ ಅದೇ ಗೆರೆಯನ್ನು ತಿದ್ದಬೇಕು. ಬರೆದವನ ಕೈ ಎಲ್ಲಿ ಅವಸರ ಮಾಡಿತು, ಎಲ್ಲಿ ಮಸಿ ತೀರಿ ನಿಂತಿತು ಎಂಬುದು ನಮ್ಮ ಮಣಿಕಟ್ಟಿಗೆ ತಿಳಿಯಬೇಕು, ಆಗ ಅಕ್ಷರ ತಾನಾಗಿ ಹೆಸರು ಹೇಳುತ್ತದೆ ಎನ್ನುತ್ತಿದ್ದರು. ದಿನಗಟ್ಟಲೆ ಯಾವ ಅಕ್ಷರವೂ ಏನೂ ಹೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗೆರೆಯೊಂದು ಸುತ್ತು ಹಾಕಿ ಕೆಳಗಿಳಿಯುವಾಗ ನನ್ನ ಕೈ ತಾನೇ “ಬ” ಎಂದಿತು. ಅದರ ಬೆನ್ನಿಗೆ “ಸ” ಬಂತು, “ವ” ಬಂತು. ಬಸವ ಎಂದು ಕೂಗಿಬಿಟ್ಟೆ. ಒಳಗಿನಿಂದ ಸಾಹೇಬರ ಹೆಂಡತಿ ಏನಾಯಿತೋ ಎಂದು ಹೊರಗೆ ಬಂದು ನೋಡಿ, ನನ್ನ ಮುಖ ನೋಡಿ, ಒಂದು ಲೋಟ ಶರಬತ್ತು ತಂದುಕೊಟ್ಟರು.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಹಾಲಿನವನ ಚೀಟಿ ಮೋಡಿಯಲ್ಲಿ ಬರೆದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿಯನ್ನೂ ಮೋಡಿಯಲ್ಲಿ ಹಾಕಿ, ಇದು ಸಹಿಯೋ ಇರುವೆ ನಡೆದ ಗುರುತೋ ಎಂದು ಹೆಡ್‌ಮಾಸ್ತರರಿಂದ ಬೈಸಿಕೊಂಡೆ. ಬಸ್ಸಿನಲ್ಲಿ ಕೂತರೆ ಮುಂದಿನವಳ ಜಡೆಯಲ್ಲಿ “ಳ” ಕಾಣುತ್ತಿತ್ತು. ಹಳೆಯ ಕಾಗದವನ್ನು ಅಲುಗಿಸಿದರೆ, ಮಸಿ ಆರಲಿ ಎಂದು ಎಂದೋ ಉದುರಿಸಿದ ಮರಳಿನ ಕಣಗಳು ಇನ್ನೂ ಮಿಣಕ್ ಎನ್ನುತ್ತಿದ್ದವು. ಅದನ್ನು ನೋಡಿ ಸುಮ್ಮನೆ ನಕ್ಕುಬಿಡುತ್ತಿದ್ದೆ. ನನ್ನಷ್ಟು ಸುಖಿ ಆಗ ಸಿಂದಗಿ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ತಪ್ಪುಗಳೂ ಅಷ್ಟೇ ಭರ್ಜರಿ. ಓದಲು ಕೊಟ್ಟ ಪ್ರತಿಯೊಂದು ಕಾಗದದಲ್ಲೂ “ಮಜಕೂರ” ಎಂಬವನು ಬರುತ್ತಿದ್ದ. ಇಂಡಿಯಲ್ಲೂ ಅವನೇ, ಮುಳವಾಡದಲ್ಲೂ ಅವನೇ, ಎಲ್ಲಾ ಊರಿನಲ್ಲೂ ಅವನದೊಂದು ಹೊಲ. ಇಷ್ಟು ದೊಡ್ಡ ಶ್ರೀಮಂತನ ವಂಶ ಈಗ ಎಲ್ಲಿದೆ ಎಂದು ಒಂದು ದಿನ ಸಾಹೇಬರನ್ನು ಭಕ್ತಿಯಿಂದ ಕೇಳಿದೆ. ಅವರು ನಕ್ಕು ಕೆಮ್ಮಿ ಕಣ್ಣೊರೆಸಿಕೊಂಡರು. ಮಜಕೂರ ಎಂದರೆ “ಮೇಲೆ ಹೇಳಿದ” ಎಂದರ್ಥವಂತೆ. ಮಾರನೆಯ ದಿನದಿಂದ ನಾನು ಹೋದಾಗಲೆಲ್ಲ, ಬರ್ರಿ, ಮಜಕೂರ ಅಕ್ಕೋರು ಬಂದ್ರು ಎಂದು ಸ್ವಾಗತ ಶುರುವಾಯಿತು.

ಇನ್ನೊಂದು ತಪ್ಪು ದೀರ್ಘದ್ದು. ಈ ಬರಹಗಾರರು ದೀರ್ಘ ಹಾಕುವವರಲ್ಲ. ಕೋಳಿಯನ್ನು ಕೊಳಿ ಎಂದೂ ತೋಟವನ್ನು ತೊಟ ಎಂದೂ ಬರೆದು ಮುಂದೆ ಓಡುವರು. ದೀರ್ಘ ನೀವೇ ಹಾಕಿಕೊಳ್ಳಿ ಎಂದು ಸಾಹೇಬರು ಹೇಳಿದ್ದೇ ತಡ, ನಾನು ಕಂಡಕಂಡಲ್ಲಿ ಹಾಕತೊಡಗಿದೆ. “ಹೊಳಿ ದಂಡಿ ಹೊಲ” ಎಂದಿದ್ದುದನ್ನು “ಹೋಳಿ ದಂಡ” ಎಂದು ಓದಿ, ಹೋಳಿ ಹಬ್ಬದಲ್ಲಿ ಬಣ್ಣ ಎರಚಿದ್ದಕ್ಕೆ ದಂಡ ಹಾಕಿದ ಊರಿದು ಎಂದು ಅರ್ಧ ಗಂಟೆ ವ್ಯಾಖ್ಯಾನ ಮಾಡಿದೆ. ಅದು ಪಾಪ, ಹೊಳೆ ದಂಡೆಯ ಹೊಲ. ನಮ್ಮ ಬಾಯಲ್ಲಿ ಹೊಳೆ ಹೊಳಿಯಾಗುತ್ತದೆ, ಬರೆದವನೂ ನಮ್ಮವನೇ, ಬಾಯಿಗೆ ಬಂದಂತೆ ಬರೆದಿದ್ದಾನೆ. ಈ ಪಾಠವನ್ನು ನಾನು ಅಲ್ಲಿಯೇ ಗಂಟು ಹಾಕಿಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅತ್ತೆಯ ಕಾಗದ ನನಗೆ ಬಾಯಿ ಬಿಟ್ಟಿತ್ತು. ಎಣ್ಣೆಯ ಕಲೆಯ ಕೆಳಗಿನ ನಾಲ್ಕಾರು ಪದ ಮಾತ್ರ ಹಟ ಹಿಡಿದಿದ್ದವು. ಕಾರಹುಣ್ಣಿಮೆಯ ದಿನ ಈ ಮನೆಯ “ಹಿರಿ”, ಆಮೇಲೆ ಕಲೆ, ಕಲೆಯ ಆಚೆ “ಹೊರಿ”, ಅದರಾಚೆ “ಇಟಕೊಂಡು ಮುಂದ ನಡಿಯತಕದು”. ದೀರ್ಘ ಹಾಕಿಕೊಂಡೆವು, ಹೊರಿ ಹೋರಿಯಾಯಿತು. ಈ ಮನೆಯ ಹಿರಿಯರು ಹೋರಿ ಇಟ್ಟುಕೊಂಡು ಮುಂದೆ ನಡೆಯತಕ್ಕದ್ದು. ಸಾಹೇಬರು ಮೀಸೆ ತಿರುವಿ, ಇದರಲ್ಲಿ ಸಂಶಯವೇ ಇಲ್ಲ ಎಂದು ತೀರ್ಪು ಕೊಟ್ಟರು. ನಾನು ಹಿಪ್ಪರಗಿಯ ಮೇಲೆ ಬಾಗೇವಾಡಿಗೆ ಹೋಗುವ ಬಸ್ಸು ಹಿಡಿದು, ದಾರಿಯುದ್ದಕ್ಕೂ ಕೂತಲ್ಲಿ ಕೂರಲಾರದೆ ಅತ್ತೆಯ ಊರು ಮುಟ್ಟಿದೆ. ಅತ್ತೆ ಸುದ್ದಿ ಕೇಳಿ ನನ್ನ ಎರಡೂ ಗಲ್ಲ ಹಿಂಡಿ, ನೇರ ಕೊಟ್ಟಿಗೆಗೆ ಹೋಗಿ ಹೋರಿಯ ಕಿವಿಯಲ್ಲಿ ಏನೋ ಹೇಳಿ ಬಂದಳು.

ಹುಣ್ಣಿಮೆಯ ಹಿಂದಿನ ದಿನ ಸಂಜೆ ಚಾವಡಿಯಲ್ಲಿ ಊರು ಸೇರಿತು. ಗೌಡರು ಕಂಬಕ್ಕೆ ಒರಗಿ ಕೂತಿದ್ದರು. ಕಾಗದದಲ್ಲಿ ಏನಿದೆಯೋ ಅದರಂತೆಯೇ ನಡೆಯುತ್ತೇವೆ ಎಂದು ಎಲ್ಲರ ಬಾಯಿಂದಲೂ ಹೇಳಿಸಿದರು. ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಅಷ್ಟು ಗಂಡಸರ ನಡುವೆ ನಿಂತು ಓದುವ ಸಂಭ್ರಮಕ್ಕೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಆಗ ಇಳಿಬಿಸಿಲು ಪಡುವಣದಿಂದ ಅಡ್ಡಲಾಗಿ ಕಾಗದದ ಮೇಲೆ ಬಿತ್ತು. ಎಣ್ಣೆ ಹೀರಿದ ಕಾಗದ ಬೆಳಕಿಗೆ ತೆಳ್ಳಗಾಗಿ, ಇಷ್ಟು ದಿನ ಸತಾಯಿಸಿದ ಪದಗಳು ಒಂದೊಂದಾಗಿ ಮೇಲೆದ್ದವು. ಕೈ ತಾನಾಗಿ ಗಾಳಿಯಲ್ಲಿ ತಿದ್ದತೊಡಗಿತು. ಹೆ, ಣ, ಮ, ಗ, ಳು. ನನಗಾದ ಖುಷಿಗೆ ಅರ್ಥ ನೋಡುವ ವ್ಯವಧಾನವೇ ಉಳಿಯಲಿಲ್ಲ. ಕಂಡದ್ದನ್ನು ಕಂಡಂತೆ, ಶಾಲೆಯ ಪದ್ಯ ಹೇಳಿದ ಹಾಗೆ, ದೊಡ್ಡ ದನಿಯಲ್ಲಿ ಓದಿದೆ.

“ಕಾರಹುಣ್ಣಿವಿ ದಿವಸ ಈ ಮನಿ ಹಿರಿ ಹೆಣ್ಣಮಗಳು ತಲಿ ಮ್ಯಾಲ ಹೋರಿ ಇಟ್ಟಕೊಂಡು ಮುಂದ ನಡಿಯತಕ್ಕದ್ದು.”

ಹಿಂದಿನಿಂದ ಯಾರೋ, ಹೋರಿಯನ್ನು ಹೊರಲು ಸಿಂಬೆ ಬೇಕೋ ಬೇಡವೋ ಬರೆದಿದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಆಮೇಲೆ ನೋಡಿ ನಗು. ಮುದುಕರು ತೊಡೆ ತಟ್ಟಿಕೊಂಡರು, ಒಬ್ಬರ ತಂಬಾಕು ಗಂಟಲಿಗೇರಿತು, ಗೌಡರು ರುಮಾಲಿನ ಚುಂಗಿನಲ್ಲಿ ಕಣ್ಣೊರೆಸಿಕೊಂಡರು. ಕಂಬದ ಆಚೆ ನಿಂತಿದ್ದ ಅತ್ತೆ ಮಾತ್ರ ನಗುತ್ತಿರಲಿಲ್ಲ. ನಾನೂ ನಗುತ್ತಿದ್ದೆ, ಹೊಟ್ಟೆ ಹಿಡಿದುಕೊಂಡು. ಆ ನಗುವಿನ ನಡುವೆಯೇ ಹೋಳಿ ದಂಡ ನೆನಪಾಗಿ ನನ್ನ ಬಾಯಿ ತೆರೆದಂತೆಯೇ ನಿಂತಿತು. ಹೊಳೆ ಹೊಳಿಯಾದರೆ ಹೊರೆ ಏನಾಗಬೇಕು? ಹೊರಿ. ಹುಲ್ಲಿನ ಹೊರಿ, ಸೊಪ್ಪಿನ ಹೊರಿ. ದೀರ್ಘವನ್ನು ಬರೆದವನು ಬಿಟ್ಟಿರಲಿಲ್ಲ, ಅಲ್ಲಿ ದೀರ್ಘವೇ ಇರಲಿಲ್ಲ. ಈ ಮನೆಯ ಹಿರಿಯ ಹೆಣ್ಣುಮಗಳು ತಲೆಯ ಮೇಲೆ ಹೊರೆ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ನಡೆಯಬೇಕು. ಎತ್ತು, ಹೋರಿ, ಗಂಡಸರು, ಎಲ್ಲಾ ಅವಳ ಹಿಂದೆ.

ಹಾಗೆಂದು ತಿದ್ದಿ ಹೇಳಿದೆ. ನಗು ತಟ್ಟನೆ ಇಳಿಯಿತು. ಮನೆಯ ಹಿರಿಯ ಹೆಣ್ಣುಮಗಳು ಅಂದರೆ ಈಗ ಅತ್ತೆಯೇ, ಹಣೆಯಲ್ಲಿ ಕುಂಕುಮವಿಲ್ಲದ ಅತ್ತೆ. ಹಬ್ಬದ ದಿನ ಅಂಥವಳು ಮುಂದೆ ನಡೆಯುವುದೆಂದರೆ ಏನು ಎಂದು ಪಿಸುಮಾತು ಎದ್ದಿತು. ದೀರ್ಘ ಬಿಡುವ ಬರಹಗಾರ ಮುತ್ತೈದೆ ಎಂಬ ಮಾತನ್ನೂ ಬಿಟ್ಟಿರಬೇಕು ಎಂದು ಹಿರಿಯರೊಬ್ಬರು ತರ್ಕ ಹೂಡಿದರು. ಗೌಡರು ನನ್ನ ಕಡೆ ತಿರುಗಿ, ಹಾಗೆ ಬಿಡುವುದುಂಟೇ ಎಂದು ಕೇಳಿದರು. ಅವಸರದ ಕೈ ಕೊಂಬು ಬಿಡುತ್ತದೆ, ಒತ್ತು ಬಿಡುತ್ತದೆ, ಇಡೀ ಪದವನ್ನು ಬಿಟ್ಟರೆ ಅಲ್ಲಿ ಗೆರೆ ಕುಂಟುತ್ತದೆ, ಇಲ್ಲಿ ಗೆರೆ ಎಲ್ಲಿಯೂ ಕುಂಟಿಲ್ಲ ಎಂದೆ. ಬೇಕಾದರೆ ಬೆರಳಿನಿಂದ ತಿದ್ದಿ ನೋಡಿ ಎಂದು ಕಾಗದ ಮುಂದೆ ಹಿಡಿದೆ. ಅವರು ನಿಜವಾಗಿಯೂ ತಿದ್ದಿ ನೋಡಿದರು.

“ಬರದದ್ದು ಓದೂದಷ್ಟ ನಮ್ಮ ಕೆಲಸ. ಬರೀಲಾರದ್ದು ಓದೂ ಸಾಲಿ ಇನ್ನ ಯಾರೂ ತಗದಿಲ್ಲ,” ಅಂದರು ಗೌಡರು. ಚಾವಡಿ ಎದ್ದಿತು.

ನಾನು ಗೆದ್ದವಳಂತೆ ಕುಣಿಯುತ್ತ ಮನೆಗೆ ಬಂದರೆ ಅತ್ತೆ ಕೊಟ್ಟಿಗೆಯ ಹೊಸ್ತಿಲ ಮೇಲೆ ಮಂಕಾಗಿ ಕೂತಿದ್ದಳು. ಅವಳು ಕೇಳಿದ್ದು ಹೋರಿ, ಸಿಕ್ಕದ್ದು ಹೊರೆ. ಹೋರಿ ಈ ಸಲವೂ ಸಾಲಿನ ಬಾಲದಲ್ಲಿಯೇ. ಊರಿಗೆ ಊರೇ ನಿನ್ನ ಹಿಂದೆ ಬರುತ್ತದೆ ಅತ್ತೆ, ಇದು ದೊಡ್ಡ ಮಾನ ಎಂದು ನಾನು ಭಾಷಣ ಬಿಗಿಯತೊಡಗಿದೆ.

“ಹೊರಿ ಹೊರೂದು ನನಗೇನು ಹೊಸಾದಲ್ಲ ತಂಗಿ. ಹುಟ್ಟಿದಾಗಿಂದ ಹೊರಾಕತ್ತೇನಿ,” ಅಂದಳು. ಅಷ್ಟೂ ಸಂಭ್ರಮ ಒಮ್ಮೆಲೇ ಇಳಿದು ನನಗೆ ಅಳು ಬರುವಂತಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೋರಿಯ ಮೈ ತಿಕ್ಕುತ್ತ ಮೆಲ್ಲಗೆ ಕೇಳಿದಳು. “ಹೊರ್ಯಾಗ ಏನಿರಬೇಕಂತ ಬರದೈತೇನು?”

ಇಲ್ಲ ಎಂದೆ. ಬರಿ ಹೊರಿ ಎಂದಷ್ಟೇ ಇದೆ.

“ಪಕ್ಕಾ?”

ಪಕ್ಕಾ ಎಂದೆ. ಅತ್ತೆ ಇನ್ನೇನೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಒಬ್ಬಳೇ ಮುಗುಳ್ನಗುತ್ತಿದ್ದಳು.

ಮರುದಿನ ಮುಂಜಾನೆ ಕುಡುಗೋಲು ಹಿಡಿದು ಬಾವಿ ಹೊಲಕ್ಕೆ ಹೋದವಳು ಗೋವಿನಜೋಳದ ಎಳೆಯ ಹಸಿ ಮೇವು ಕೊಯ್ದು ತಂದಳು. ಮೇಲೆ ಲೆಕ್ಕಕ್ಕೆ ನಾಲ್ಕು ಬೇವಿನ ಟೊಂಗೆ ಸಿಕ್ಕಿಸಿದಳು. ಸಂಜೆ ಹಲಗೆ ಬಡಿಯತೊಡಗಿದರು. ಅತ್ತೆ ಬಿಳಿ ಸೀರೆಯ ಸೆರಗು ಬಿಗಿದು, ತಲೆಗೆ ಸಿಂಬೆ ಇಟ್ಟು, ಹೊರೆ ಹೊತ್ತು, ಊರ ನಡುವಿನ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದಳು. ಮಾಳಿಗೆಗಳ ಮೇಲೆ ನಿಂತ ಹೆಂಗಸರು ಮೊದಲು ಮಾತಿಲ್ಲದೆ ನೋಡಿದರು. ಆಮೇಲೆ ಯಾವಳೋ ಒಬ್ಬಳು ಮೇಲಿನಿಂದ ಒಂದು ಹಿಡಿ ಚುರುಮುರಿ ತೂರಿದಳು. ಇನ್ನೊಬ್ಬಳೂ ತೂರಿದಳು. ಅತ್ತೆಯ ಹಿಂದೆ ಗೌಡರು, ಅವರ ಹಿಂದೆ ಬಣ್ಣದ ಕೋಡಿನ ಸಾಲು, ಎಲ್ಲರ ಕೊನೆಗೆ ಅತ್ತೆಯ ಹೊಲ ಪಾಲಿಗೆ ಮಾಡುವವನು ಹಗ್ಗ ಹಿಡಿದ ಆ ಬಿಳಿ ಹೋರಿ.

ದಾರಿ ಅಗಸಿಯ ಕಡೆಗೆ ತಿರುಗಿದ್ದೇ ತಡ, ಗಾಳಿಯೂ ತಿರುಗಿತು. ಹಸಿ ಮೇವಿನ ವಾಸನೆ ಸಾಲಿನುದ್ದಕ್ಕೂ ಹರಿದು ಬಾಲ ಮುಟ್ಟಿತು. ಹೋರಿ ತಲೆ ಎತ್ತಿತು. ಪಾಲಿನವನು ಆಮೇಲೆ ಹೇಳಿದ ಪ್ರಕಾರ ಹಗ್ಗ ಅವನ ಕೈಯಿಂದ ಜಾರಿತಂತೆ. ಅದನ್ನು ಇಂದಿಗೂ ಯಾರೂ ನಂಬಿಲ್ಲ. ಎತ್ತುಗಳು ಎಡಬಲಕ್ಕೆ ಸರಿದವು, ಗೌಡರು ಕಟ್ಟೆ ಹತ್ತಿದರು, ಗೆಜ್ಜೆ ಝಲ್ಲೆನ್ನುತ್ತ ಬಿಳಿ ಹೋರಿ ಅತ್ತೆಯ ಬೆನ್ನು ಹತ್ತಿತು. ಅತ್ತೆ ಹಿಂದೆ ನೋಡಲಿಲ್ಲ. ಹೊರೆ ಗಟ್ಟಿಯಾಗಿ ಹಿಡಿದು, ಸೀರೆ ಎತ್ತಿಕಟ್ಟಿ, ಆ ವಯಸ್ಸಿನಲ್ಲಿ ಓಡಿದಳು. ತಲೆ ತಗ್ಗಿಸಿ ಕರಿಯ ಕೆಳಗೆ ನುಸುಳಿದಳು. ಮೇವಿಗೆ ಬಾಯಿ ಹಾಕಲು ಕೋಡೆತ್ತಿ ನೆಗೆದ ಹೋರಿ ಬೇವಿನ ಹಗ್ಗವನ್ನು ಎರಡು ತುಂಡು ಮಾಡಿತು.

ನಾನು ಕಿರುಚಿ ಕಿರುಚಿ ಎರಡು ದಿನ ದನಿ ಕಳೆದುಕೊಂಡೆ. ಅಗಸಿಯ ಆಚೆ ಅತ್ತೆ ನೆಲದ ಮೇಲೆ ಕುಸಿದು ಕೂತಿದ್ದಳು, ಬಿಚ್ಚಿಹೋದ ಹೊರೆಯನ್ನು ಹೋರಿ ಆರಾಮಾಗಿ ಮೆಲ್ಲುತ್ತಿತ್ತು, ಅವಳು ಅದರ ಕೊರಳಿಗೆ ಹಣೆ ಹಚ್ಚಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುತ್ತಿರಲಿಲ್ಲ.

ಮುಂದಿನ ವಾರ ಗೌಡರು ಹೇಳಿಕಳಿಸಿದರು. ಹಳೆಯ ಕಾಗದ ಹರಿಯುವ ಮೊದಲು ಅದನ್ನು ಈಗಿನ ಅಕ್ಷರದಲ್ಲಿ ದುಂಡಗೆ ಬರೆದುಕೊಡಬೇಕು, ಚಾವಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕುತ್ತೇವೆ ಎಂದು. ಅತ್ತೆಯ ಪಡಸಾಲೆಯಲ್ಲಿ ಕೂತು ಬರೆದೆ. ಬಿಟ್ಟ ಒತ್ತುಗಳನ್ನು ಕೊಟ್ಟೆ, ಬಿಟ್ಟ ದೀರ್ಘಗಳನ್ನು ತುಂಬಿದೆ, ಪದಗಳನ್ನು ಬಿಡಿಸಿದೆ. ಆ ಒಂದು ಪದಕ್ಕೆ ಬಂದಾಗ ಕೈ ನಿಂತಿತು. ಈಗಿನವರಿಗೆ ತಿಳಿಯಲೆಂದು “ಹೊರೆ” ಎಂದು ಸ್ಪಷ್ಟವಾಗಿ ಬರೆಯುವುದೇ ಸರಿ. ಸಾಹೇಬರೂ ಹಾಗೆಯೇ ಹೇಳಿದ್ದರು. ಆದರೂ ಅತ್ತೆಯನ್ನು ಕರೆದು, ಹೀಗೆ ಬರೆದರೆ ಹೊರೆ, ಈ ಕೊಂಡಿ ಕೊಟ್ಟರೆ ಹೋರಿ, ಯಾವುದು ಬರೆಯಲಿ ಎಂದು ತೋರಿಸಿದೆ. ಒಂದಕ್ಷರ ಬಾರದ ಅತ್ತೆ ಬಗ್ಗಿ, ಹಳೆಯ ಕಾಗದದ ಆ ಪದದ ಮೇಲೆ ಬೆರಳಿಟ್ಟು ನಿಧಾನವಾಗಿ ಗೆರೆ ತಿದ್ದಿದಳು.

“ಆಂವ ಹೆಂಗ ಬರದಾನ ಹಂಗ ಬರಿ. ಗಂಡಸ್ರು ಹೊರಿ ಅಂತ ಓದ್ಲಿ. ನಾ ನನಗ ಬೇಕಾದ್ದ ಓದ್ತೇನಿ.”

ನಾನು “ಹೊರಿ” ಎಂದು ಬರೆದು, ಮಸಿಯ ಮೇಲೆ ಅಂಗಳದ ಮರಳು ಉದುರಿಸಿದೆ.